ಘಟಪ್ರಭೆಯ ಪಾರಿಜಾತ

ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಲ ದಿಕ್ಕಿಗೆ ಹರಿಯುವ ಘಟಪ್ರಭಾ ನದಿಯು ಮಹಾರಾಷ್ಟ್ರದ ಗಡಿಯನ್ನು ದಾಟಿ, ಹುಕ್ಕೇರಿ ತಾಲ್ಲೂಕಿನ ದಡ್ಡಿ ಗ್ರಾಮದ ಬಳಿ ಹಾದು ಬೆಳಗಾವಿ ಜಿಲ್ಲೆಯ ಬಯಲಿಗೆ ಬರುತ್ತದೆ. ಮುಂದೆ ಹಿಡಕಲ್ಲಿನ ಜಲಾಶಯದಲ್ಲಿ ಕೆಲಕಾಲ ತಂಗಿ, ಗೋಕಾಕದ ಸಮೀಪ ಸುಮಾರು 52 ಮೀಟರ್ ಎತ್ತರದಿಂದ ಬಂಡೆಗಳ ಮೇಲೆ ಧುಮುಕಿ, ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ದಡ್ಡಿಯ ಕಡೆಯ ಜಾತ್ರೆಗಳಲ್ಲಿ ಕನ್ನಡದ ಮಾತೂ ಕೇಳಿಸುತ್ತದೆ, ಮರಾಠಿಯ ಮಾತೂ ಕೇಳಿಸುತ್ತದೆ. ನದಿಗೆ ಭಾಷೆಯ ಭೇದವಿಲ್ಲ, ಹಾಡಿಗೂ ಅಷ್ಟೆ. ಹುಕ್ಕೇರಿ, ಗೋಕಾಕ, ಮೂಡಲಗಿ ಎಂಬ ಈ ಮೂರು ತಾಲ್ಲೂಕುಗಳ ನೆಲದಲ್ಲಿ ಜೋಳ, ಕಬ್ಬುಗಳಂತೆ ಮತ್ತೊಂದು ಬೆಳೆಯೂ ಹುಲುಸಾಗಿ ಬೆಳೆದಿತ್ತು. ಅದು ಹಾಡಿನಿಂದ ಕಟ್ಟಿದ ಆಟ. ಆ ಆಟಗಳಲ್ಲೆಲ್ಲ ಹೆಸರಾದದ್ದು 'ಶ್ರೀಕೃಷ್ಣ ಪಾರಿಜಾತ'.

ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಆಟದ ಕಾಲ ಬಂದಿತೆಂದೇ ಅರ್ಥ. ಊರ ಬಯಲಿನಲ್ಲಿ ಹಲಗೆಗಳನ್ನು ಹಾಸಿ ಅಟ್ಟ ಕಟ್ಟಿ, ಮೇಲೊಂದು ಚಪ್ಪರ ಹಾಕಿದರೆ ರಂಗಮಂಟಪ ಸಿದ್ಧವಾಗುತ್ತಿತ್ತು. ಮೊದಮೊದಲು ಪಂಜಿನ ಬೆಳಕಿನಲ್ಲಿ ನಡೆಯುತ್ತಿದ್ದ ಆಟ ಅನಂತರದ ದಿನಗಳಲ್ಲಿ ಗ್ಯಾಸ್ ಬತ್ತಿಯ ಬೆಳಕನ್ನು ಕಂಡಿತು. ಸುತ್ತಲಿನ ಹಳ್ಳಿಯವರು ಚಕ್ಕಡಿ ಹೂಡಿಕೊಂಡು, ಹೊದೆಯಲು ಕಂಬಳಿಯನ್ನೂ ಹಸಿವಿಗೆ ರೊಟ್ಟಿಯ ಬುತ್ತಿಯನ್ನೂ ಕಟ್ಟಿಕೊಂಡು ಬಂದು ಸೇರುತ್ತಿದ್ದರು. ಮುಂದಿನ ಸಾಲು ಮಕ್ಕಳದು. ನಡುರಾತ್ರಿಯ ಹೊತ್ತಿಗೆ ಅವರು ಕುಳಿತಲ್ಲೇ ನಿದ್ದೆ ಹೋಗುತ್ತಿದ್ದರು. ಕೃಷ್ಣನ ಪ್ರವೇಶವಾದಾಗ ಹಿರಿಯರು ಅವರನ್ನು ತಟ್ಟಿ ಎಬ್ಬಿಸುತ್ತಿದ್ದರು. ಹೀಗೆ ಅರೆನಿದ್ದೆಯಲ್ಲಿ ಕಿವಿಗೆ ಬಿದ್ದ ಹಾಡುಗಳೇ ಎಷ್ಟೋ ಮಂದಿಗೆ ಬದುಕಿನುದ್ದಕ್ಕೂ ಉಳಿದುಬಂದ ವಿದ್ಯೆಯಾದವು.

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಹಲವು ಬಗೆಗಳಿವೆ. ಭಾರಿ ಕಿರೀಟ, ಭುಜಕೀರ್ತಿಗಳನ್ನು ಧರಿಸಿ, ಅಬ್ಬರದ ಕುಣಿತದೊಡನೆ ಪುರಾಣದ ಯುದ್ಧಕಥೆಗಳನ್ನು ಆಡುವುದು ದೊಡ್ಡಾಟ. ಸಾಮಾನ್ಯರ ಉಡುಪಿನಲ್ಲಿ, ಸಾಮಾನ್ಯರ ಸುಖದುಃಖಗಳನ್ನು ಹಾಡಿ ತೋರಿಸುವುದು ಸಣ್ಣಾಟ. ಬೈಲಹೊಂಗಲದ ಸೀಮೆಯಲ್ಲಿ ನಡೆದ ಒಂದು ಕೊಲೆಯ ಕಥೆಯನ್ನು ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟಕ್ಕೆ ಒಳ್ಳೆಯ ನಿದರ್ಶನ. ಶ್ರೀಕೃಷ್ಣ ಪಾರಿಜಾತವು ಈ ಎರಡರ ನಡುವೆ ತನ್ನದೇ ದಾರಿಯನ್ನು ಹಿಡಿಯಿತು. ಅದರ ಕಥೆ ಪುರಾಣದ್ದು. ಆದರೆ ಅದನ್ನು ಆಡುವ ರೀತಿ ಸಣ್ಣಾಟದ್ದು. ಅಲ್ಲಿ ಕುಣಿತ ಕಡಮೆ, ಕತ್ತಿಯ ಝಣತ್ಕಾರವಿಲ್ಲ. ಎಲ್ಲ ಭಾರವನ್ನೂ ಹಾಡೇ ಹೊರಬೇಕು.

ಪಾರಿಜಾತದ ಹಾಡುಗಳನ್ನು ಮೊದಲು ರಚಿಸಿದವನು ಅಪರಾಳ ತಮ್ಮಣ್ಣನೆಂದು ಪರಂಪರೆ ಹೇಳುತ್ತದೆ. ಅದಕ್ಕೆ ರಂಗದ ರೂಪವನ್ನು ಕೊಟ್ಟು, ಮೇಳ ಕಟ್ಟಿ, ಊರೂರಿಗೆ ಒಯ್ದು ಜನಪ್ರಿಯಗೊಳಿಸಿದ ಕೀರ್ತಿ ಕುಲಗೋಡ ತಮ್ಮಣ್ಣನದು. ಕುಲಗೋಡ ಆಗ ಗೋಕಾಕ ತಾಲ್ಲೂಕಿನ ಒಂದು ಹಳ್ಳಿ. ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಹೀಗೆ ಒಬ್ಬ ತಮ್ಮಣ್ಣನ ಹಾಡು ಇನ್ನೊಬ್ಬ ತಮ್ಮಣ್ಣನ ಕೈಯಲ್ಲಿ ಆಟವಾಯಿತು. ಬರೆದ ಹಾಡಿಗೂ ಆಡುವ ಆಟಕ್ಕೂ ಬಹಳ ಅಂತರವುಂಟು. ಆ ಅಂತರವನ್ನು ದಾಟುವ ಜಾಣ್ಮೆಯೇ ಸಂಗೀತ ನಾಟಕದ ಕಸುಬು.

ಆ ಕಸುಬನ್ನು ತಿಳಿಯಬೇಕಾದರೆ ಕಥೆಯನ್ನು ಮೊದಲು ತಿಳಿಯಬೇಕು. ನಾರದನು ದೇವಲೋಕದಿಂದ ಒಂದೇ ಒಂದು ಪಾರಿಜಾತದ ಹೂವನ್ನು ತಂದು ದ್ವಾರಕೆಯಲ್ಲಿ ಕೃಷ್ಣನ ಕೈಗೆ ಕೊಡುತ್ತಾನೆ. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಆ ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ತಾನೇ ಕೃಷ್ಣನಿಗೆ ಎಲ್ಲರಿಗಿಂತ ಮಿಗಿಲಾದವಳೆಂದು ನಂಬಿದ್ದ ಭಾಮೆಗೆ ಸಿಟ್ಟು, ದುಃಖ, ಅವಮಾನ ಎಲ್ಲವೂ ಒಮ್ಮೆಗೇ ಉಕ್ಕಿ ಬರುತ್ತವೆ. ಆಕೆಯನ್ನು ಸಮಾಧಾನಪಡಿಸಲು ಕೃಷ್ಣನು ಪಡುವ ಪಾಡೇ ಆಟದ ತಿರುಳು. ಒಂದು ಹೂವಿಗಾಗಿ ಇಡೀ ರಾತ್ರಿ ಆಟ ನಡೆಯುವುದೆಂದರೆ ಹೊಸಬರಿಗೆ ಸೋಜಿಗವೆನಿಸಬಹುದು. ಆದರೆ ಆಕೆ ಅತ್ತದ್ದು ಹೂವು ಸಿಗಲಿಲ್ಲವೆಂದಲ್ಲ, ತನ್ನನ್ನು ಮರೆತರೆಂದು. ಆ ನೋವನ್ನು ಅರಿಯದ ಮನೆ ಯಾವುದು? ಮುಂದೆ ಕುಳಿತ ರೈತನೂ ಅವನ ಹೆಂಡತಿಯೂ ದ್ವಾರಕೆಯ ಅರಮನೆಯಲ್ಲಿ ತಮ್ಮ ಮನೆಯನ್ನೇ ಕಾಣುತ್ತಿದ್ದರು.

ಭಾಮೆಯ ಪಾತ್ರಧಾರಿಯು 'ನನಗೆ ಸಿಟ್ಟು ಬಂದಿದೆ' ಎಂದು ಮಾತಿನಲ್ಲಿ ಹೇಳಿಬಿಟ್ಟರೆ ಅದು ಒಂದು ಸುದ್ದಿಯಾಗುತ್ತದೆ. ಕೇಳಿದವರು ತಿಳಿದುಕೊಳ್ಳುತ್ತಾರೆ, ಅಷ್ಟೆ. ಅದೇ ಮಾತನ್ನು ಆಕೆ ಏರುಸ್ವರದಲ್ಲಿ ಎತ್ತಿಕೊಂಡು, ನಡುವೆ ಕಂಠ ಗದ್ಗದಿತವಾಗಿ ಸ್ವರ ಕೆಳಗಿಳಿದಾಗ, ಸಿಟ್ಟಿನ ಅಡಿಯಲ್ಲಿ ಅಡಗಿದ್ದ ದುಃಖವು ಹೊರಗೆ ಬರುತ್ತದೆ. ಮಾತು ಒಂದು ಹೊತ್ತಿಗೆ ಒಂದೇ ಭಾವವನ್ನು ಹೇಳಬಲ್ಲದು; ಹಾಡು ಎರಡನ್ನೂ ಒಟ್ಟಿಗೆ ಹೇಳಬಲ್ಲದು. ಆದುದರಿಂದಲೇ ಒಳ್ಳೆಯ ಸಂಗೀತ ನಾಟಕದಲ್ಲಿ ಮಾತಿಗೆ ಇನ್ನು ಮುಂದೆ ಹೋಗಲಾಗದು ಎನ್ನುವ ಸ್ಥಳದಲ್ಲಿ ಹಾಡು ಹುಟ್ಟುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಹಾಡು ಬರಿಯ ಅಲಂಕಾರ.

ಈ ತತ್ತ್ವವನ್ನು ರಂಗದ ಮೇಲೆ ನಡೆಸಿಕೊಡಲು ಹಲವರ ದುಡಿಮೆ ಬೇಕು. ಎಲ್ಲರಿಗಿಂತ ಮುಖ್ಯನಾದವನು ಭಾಗವತ. ಆಟದ ಸೂತ್ರ ಅವನ ಕೈಯಲ್ಲಿರುತ್ತದೆ. ಪಾತ್ರಗಳನ್ನು ಸಭೆಗೆ ಪರಿಚಯ ಮಾಡಿಸುವವನೂ ಅವನೇ, ಪ್ರಶ್ನೆ ಕೇಳಿ ಕಥೆಯನ್ನು ಮುಂದಕ್ಕೆ ನಡೆಸುವವನೂ ಅವನೇ. ಪಾರಿಜಾತದಲ್ಲಿ ಅವನಿಗೆ ಇನ್ನೊಂದು ಕೆಲಸವುಂಟು. ತಲೆಯ ಮೇಲೆ ಸೆರಗನ್ನು ಎಳೆದುಕೊಂಡರೆ ಅವನೇ ಸತ್ಯಭಾಮೆಯ ದೂತಿಯಾಗುತ್ತಾನೆ. ಭಾಮೆ ಗಂಭೀರವಾದ ಗ್ರಂಥದ ಭಾಷೆಯಲ್ಲಿ ತನ್ನ ಹಿರಿಮೆಯನ್ನು ಹೇಳಿಕೊಳ್ಳುತ್ತಿರುವಾಗ, ದೂತಿಯು ಹಳ್ಳಿಯ ನುಡಿಯಲ್ಲಿ ಅಡ್ಡಪ್ರಶ್ನೆ ಹಾಕಿ ಸಭೆಯನ್ನು ನಗಿಸುತ್ತಾಳೆ. ಒಂದು ಕ್ಷಣ ಜನ ಭಾಮೆಯೊಡನೆ ಅಳುತ್ತಾರೆ. ಮರುಕ್ಷಣ ಅವಳ ಜಂಬವನ್ನು ಕಂಡು ನಗುತ್ತಾರೆ. ಅರಮನೆಯ ಹೆಮ್ಮೆಯನ್ನು ಹಳ್ಳಿಯ ನಾಲಗೆ ಹೀಗೆ ಮೆಲ್ಲನೆ ತೂಗಿ ನೋಡುತ್ತದೆ.

ಹಿಮ್ಮೇಳದ ಕೆಲಸವೂ ಕಡಮೆಯದಲ್ಲ. ಈ ಸೀಮೆಯವರು ಹಾರ್ಮೋನಿಯಮ್ಮನ್ನು 'ಪೇಟಿ' ಎಂದು ಕರೆಯುತ್ತಾರೆ. ಅದು ಯುರೋಪಿನಿಂದ ಬಂದ ವಾದ್ಯವಾದರೂ ಇಲ್ಲಿಯ ಆಟಕ್ಕೆ ಹೇಳಿಮಾಡಿಸಿದಂತೆ ಹೊಂದಿಕೊಂಡಿತು. ಪೇಟಿ, ತಬಲಾ, ತಾಳ—ಈ ಮೂರು ಇದ್ದರೆ ಮೇಳ ಪೂರ್ತಿಯಾಯಿತು. ಪಾತ್ರಧಾರಿ ಒಂದು ನುಡಿಯನ್ನು ಹಾಡಿ ನಿಲ್ಲಿಸಿದೊಡನೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಇದರಿಂದ ಎರಡು ಲಾಭಗಳುಂಟು. ರಾತ್ರಿಯಿಡೀ ಹಾಡಬೇಕಾದ ಕಂಠಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ. ಅದೇ ಹೊತ್ತಿನಲ್ಲಿ ಪಾತ್ರಧಾರಿ ಹಾಡಿನ ಭಾವವನ್ನು ಕಣ್ಣಿನಿಂದ, ಕೈಯಿಂದ, ನಡಿಗೆಯಿಂದ ಅಭಿನಯಿಸಲು ಅನುವಾಗುತ್ತದೆ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಬೇಕಾಗಿದ್ದುದರಿಂದ ಶ್ರುತಿಯನ್ನು ಏರಿಸಿ ಇಡುತ್ತಿದ್ದರು. ದುಃಖದಲ್ಲಿ ತಾಳ ನಿಧಾನವಾಗಬೇಕು, ಕೋಪದಲ್ಲಿ ಚುರುಕಾಗಬೇಕು. ಹಾಡಿನ ಬೆನ್ನಿಗೆ ಬರುವ ಮಾತು ಹಾಡಿನ ಅರ್ಥವನ್ನು ಬಿಡಿಸಿ ಹೇಳಬೇಕು. ಆದರೆ ಅದನ್ನೇ ಮರಳಿ ಒಪ್ಪಿಸಿ ಬೇಸರ ತರಿಸಬಾರದು. ಇವೆಲ್ಲವನ್ನೂ ಮೇಳದವರು ಕಲಿಯುತ್ತಿದ್ದುದು ತಾಲೀಮಿನಲ್ಲಿ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಗುಡಿಯ ಕಟ್ಟೆಯ ಮೇಲೆ ಸೇರಿ, ಬಲ್ಲವರ ಬಾಯಿಂದ ಕೇಳಿ ಕೇಳಿ ಕಲಿಯುವ ವಿದ್ಯೆ ಅದು.

ಹಾಡಿನ ಆಟದ ಕಥೆ ಘಟಪ್ರಭೆಯ ದಂಡೆಯಲ್ಲೇ ನಿಲ್ಲುವುದಿಲ್ಲ. 1842ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಕರ್ಕಿ ಎಂಬ ಊರಿನ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ತನ್ನ ಆಟವನ್ನು ತೋರಿಸಿತು. ಅದನ್ನು ಕಂಡು ಮೆಚ್ಚಿದ ಸಾಂಗಲಿಯ ಅರಸರು, ಇಂಥದೇ ಆಟವನ್ನು ಮರಾಠಿಯಲ್ಲಿ ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಅವರಿಗೆ ಸೂಚಿಸಿದರು. 1843ರಲ್ಲಿ ಭಾವೆಯವರ 'ಸೀತಾ ಸ್ವಯಂವರ' ರಂಗವೇರಿತು. ಮರಾಠಿ ರಂಗಭೂಮಿಯ ಇತಿಹಾಸವನ್ನು ಆ ವರ್ಷದಿಂದಲೇ ಎಣಿಸುವುದು ವಾಡಿಕೆ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಒಂದು ಮಗು ಹುಟ್ಟಿತು. ಆ ಮಗುವೇ ಮುಂದೆ ಅಣ್ಣಾಸಾಹೇಬ ಕಿರ್ಲೋಸ್ಕರರೆಂದು ಪ್ರಸಿದ್ಧರಾದರು. ಅವರ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯಲ್ಲಿ ಪ್ರದರ್ಶನಗೊಂಡು ಮರಾಠಿ ಸಂಗೀತ ನಾಟಕಕ್ಕೆ ಹೊಸ ಹಾದಿಯನ್ನು ತೆರೆಯಿತು. ಭಾವೆಯವರ ಆಟಗಳಲ್ಲಿ ಪಾತ್ರಗಳ ಪರವಾಗಿ ಸೂತ್ರಧಾರನೇ ಹಾಡುತ್ತಿದ್ದನು. ಕಿರ್ಲೋಸ್ಕರರು ಹಾಡನ್ನು ಪಾತ್ರಗಳ ಬಾಯಿಗೇ ಕೊಟ್ಟರು. ನೋಟಕ್ಕೆ ಇದು ಸಣ್ಣ ಬದಲಾವಣೆ. ಆದರೆ ಶಕುಂತಲೆಯ ದುಃಖವನ್ನು ಬೇರೊಬ್ಬನು ಬಣ್ಣಿಸುವುದಕ್ಕೂ ಶಕುಂತಲೆಯೇ ಹಾಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಕೇಳಿದವರೇ ಬಲ್ಲರು.

ಕನ್ನಡನಾಡಿನಿಂದ ಹೋದ ಬೀಜ ಅಲ್ಲಿ ಮರವಾಗಿ ಬೆಳೆಯಿತು. ಆ ಮರದ ನೆರಳು ಮರಳಿ ಕನ್ನಡದ ಊರುಗಳ ಮೇಲೆಯೇ ಬಿದ್ದಿತು. ಮರಾಠಿ ನಾಟಕ ಮಂಡಳಿಗಳು ಧಾರವಾಡ, ಗದಗುಗಳವರೆಗೂ ಬಂದು ಜನರ ಮನಸ್ಸನ್ನು ಸೆಳೆದವು. ಕನ್ನಡಿಗರು ತಮ್ಮ ನುಡಿಯಲ್ಲಿಯೇ ಇಂಥ ನಾಟಕಗಳನ್ನು ಕಾಣಬೇಕೆಂದು ಹಂಬಲಿಸಿದ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯೊಂದನ್ನು ಕಟ್ಟಿದರು. ಆಗ ಅವರಿನ್ನೂ ತರುಣರು. ಅವರ ಹಿಂದೆಯೇ ಊರಿಗೊಂದು, ಸೀಮೆಗೊಂದು ಎಂಬಂತೆ ನಾಟಕ ಕಂಪನಿಗಳು ತಲೆಯೆತ್ತಿದವು. ಬಯಲಿನ ಅಟ್ಟದ ಜಾಗದಲ್ಲಿ ಪರದೆಗಳ ರಂಗಮಂದಿರ ಬಂದಿತು. ಟಿಕೆಟ್ಟಿನ ಪದ್ಧತಿ ಬಂದಿತು. ರಂಗದ ಮುಂದೆ ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಬಂದು ಕುಳಿತಿತು. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಎಳೆವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿ, ಹಾಡುವ ನಟರಾಗಿ ಬೆಳೆದು, 1947ರಲ್ಲಿ ಕಲಾವೈಭವ ನಾಟ್ಯ ಸಂಘವನ್ನು ಸ್ಥಾಪಿಸಿದರು. ಬಸವೇಶ್ವರರ ಪಾತ್ರದಲ್ಲಿ ಅವರು ಜನರ ಕಣ್ಣಿಗೆ ಬಸವಣ್ಣನೇ ಆಗಿ ತೋರಿದರು. 2017ರಲ್ಲಿ ತೀರಿಕೊಂಡಾಗ ಅವರ ವಯಸ್ಸು ನೂರನ್ನು ದಾಟಿತ್ತು.

ಹಾಡಿಗೆ ದೊರೆತ ಈ ಮನ್ನಣೆ ಕೆಲವೊಮ್ಮೆ ನಾಟಕಕ್ಕೆ ಮುಳುವೂ ಆಯಿತು. ಕಂಠ ಚೆನ್ನಾಗಿದ್ದ ನಟನು ಒಂದು ಹಾಡನ್ನು ಮುಗಿಸಿದೊಡನೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗುತ್ತಿದ್ದರು. ನಟನೂ ಹಿಗ್ಗಿ ಮತ್ತೆ ಹಾಡುತ್ತಿದ್ದನು. ಪ್ರಾಣ ಬಿಡುತ್ತಿರುವ ಪಾತ್ರವೂ ಎದ್ದು ಕುಳಿತು ಹಾಡಬೇಕಾದ ಪ್ರಸಂಗ ಬಂದರೆ ಕಥೆಯ ಗತಿಯೇನು? ಹಾಡು ಕಥೆಯನ್ನು ಹೊತ್ತು ನಡೆಯಬೇಕೇ, ಕಥೆ ಹಾಡಿಗಾಗಿ ಕಾದು ನಿಲ್ಲಬೇಕೇ ಎಂಬ ಪ್ರಶ್ನೆ ಕನ್ನಡ, ಮರಾಠಿಗಳಿಗಷ್ಟೇ ಸೇರಿದುದಲ್ಲ. ದೂರದ ಅಮೆರಿಕದಲ್ಲಿಯೂ ಅದೇ ಪ್ರಶ್ನೆ ಎದ್ದಿತು. ಅಲ್ಲಿಯ ಸಂಗೀತ ನಾಟಕಗಳಲ್ಲಿ ಹಾಡು ಬಹುಮಟ್ಟಿಗೆ ವಿನೋದದ ವಸ್ತುವಾಗಿದ್ದ ಕಾಲದಲ್ಲಿ, ನ್ಯೂಯಾರ್ಕಿನಲ್ಲಿ 1927ರಲ್ಲಿ ಆಡಿದ 'ಶೋ ಬೋಟ್' ಮತ್ತು 1943ರಲ್ಲಿ ಆಡಿದ 'ಒಕ್ಲಹೋಮ' ನಾಟಕಗಳು ಹಾಡನ್ನು ಕಥೆಯ ಒಡಲಿನೊಳಕ್ಕೆ ತಂದು ಹೆಸರು ಪಡೆದವು. ಹಾಡಿಲ್ಲದೆ ಕಥೆಯೇ ಇಲ್ಲವೆಂಬ ಆ ಸ್ಥಿತಿಯನ್ನು ಕುಲಗೋಡಿನ ಅಟ್ಟವು ಬಹು ಹಿಂದೆಯೇ ತನ್ನ ರೀತಿಯಲ್ಲಿ ಕಂಡುಕೊಂಡಿತ್ತು.

ಪಾರಿಜಾತದ ಅಟ್ಟದ ಮೇಲೆ ಬಹುಕಾಲ ಪುರುಷರೇ ಭಾಮೆಯಾಗಿ, ರುಕ್ಮಿಣಿಯಾಗಿ ಬಣ್ಣ ಹಚ್ಚಿದರು. ಹೆಣ್ಣು ಅಟ್ಟ ಹತ್ತಿದರೆ ಜನ ಹಗುರವಾಗಿ ಮಾತಾಡುತ್ತಿದ್ದ ಕಾಲ ಅದು. ರಾತ್ರಿ ಹಾಡಿಗೆ ತಲೆದೂಗಿದವರೇ ಹಗಲು ಹಾಡಿದವಳನ್ನು ಕಂಡು ಮುಖ ತಿರುಗಿಸುತ್ತಿದ್ದರು. ಅಂಥ ಕಾಲವನ್ನು ಎದುರಿಸಿ ನಿಂತವರಲ್ಲಿ ಗೋಕಾಕ ಸೀಮೆಯ ಕೌಜಲಗಿಯ ನಿಂಗಮ್ಮನವರ ಹೆಸರು ಮುಖ್ಯವಾದುದು. ಮರೆತುಹೋದ ಹೆಣ್ಣಿನ ಅಳಲನ್ನು ಹೆಣ್ಣಿನ ಕಂಠವೇ ಹಾಡಿದಾಗ ಭಾಮೆಯ ಪಾತ್ರಕ್ಕೆ ಹೊಸ ಜೀವ ಬಂದಿತು. ಹಾಗೆಯೇ ಲೋಕಾಪುರದ ಅಪ್ಪಾಲಾಲ್ ನದಾಫರು ಪಾರಿಜಾತದ ಹೆಸರಾಂತ ಕಲಾವಿದರಾಗಿ ಮೆರೆದರು. ಮುಸಲ್ಮಾನ ಮನೆತನದ ಕಲಾವಿದರೊಬ್ಬರು ಕೃಷ್ಣನ ಕಥೆಯನ್ನು ಹಾಡುವುದರಲ್ಲಿ ಈ ಸೀಮೆಯ ಜನಕ್ಕೆ ವಿಶೇಷವೇನೂ ಕಾಣಲಿಲ್ಲ. ಅವರು ನೋಡಿದ್ದು ಕಂಠವನ್ನು, ತಾಳದ ಹಿಡಿತವನ್ನು, ಪಾತ್ರದ ನಿಲುವನ್ನು. ಒಳ್ಳೆಯ ಆಟಕ್ಕೆ ಬೇಕಾದದ್ದೂ ಅಷ್ಟೆ.

ಕಾಲ ಬದಲಾಯಿತು. ಮೊದಲು ಚಲನಚಿತ್ರ ಬಂದಿತು, ಅನಂತರ ದೂರದರ್ಶನ ಬಂದಿತು. ಮಾತಿನ ನಡುವೆ ಹಾಡಿನಿಂದ ಕಥೆ ಹೇಳುವ ರೂಢಿಯನ್ನು ಭಾರತದ ಚಲನಚಿತ್ರಗಳು ಈ ರಂಗಭೂಮಿಯಿಂದಲೇ ಪಡೆದುಕೊಂಡವೆಂಬುದನ್ನು ಜನ ಮರೆತರು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಪಟ್ಟಣದ ಸಭಾಂಗಣದಲ್ಲಿ ಎರಡು ಮೂರು ಗಂಟೆಗಳಿಗೆ ಇಳಿಯಿತು. ಹಾಡುಗಳು ಅಚ್ಚಾದವು, ಧ್ವನಿಮುದ್ರಣವಾದವು. ಇದು ಒಳ್ಳೆಯದೇ. ಆದರೆ ಅಚ್ಚಾದ ಹಾಡಿನಲ್ಲಿ ಸ್ವರವಿಲ್ಲ. ಮುದ್ರಣದಲ್ಲಿ ಸ್ವರವಿದೆಯೆಂದರೂ, ಭಾಮೆಯ ಕಂಠ ಗದ್ಗದಿತವಾದಾಗ ಪೇಟಿಯನ್ನು ಎಷ್ಟು ಮೆಲ್ಲಗೆ ಒತ್ತಬೇಕು, ಜನ ನಗುತ್ತಿರುವಾಗ ದೂತಿ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಅದು ಕಲಿಸಿಕೊಡಲಾರದು. ಅದನ್ನು ಎದುರಿಗೆ ಕುಳಿತ ಒಬ್ಬರು ಇನ್ನೊಬ್ಬರಿಗೆ ಕೊಡಬೇಕು. ಹಳೆಯ ಕಲಾವಿದರೊಬ್ಬರು ಕಣ್ಣು ಮುಚ್ಚಿದಾಗ, ಯಾರೂ ಕಲಿಯದೆ ಉಳಿದ ಹಾಡುಗಳೂ ಅವರೊಡನೆ ಹೋಗುತ್ತವೆ. ಕಟ್ಟಡ ಬಿದ್ದರೆ ಕಲ್ಲಾದರೂ ಉಳಿಯುತ್ತದೆ. ಕಂಠ ನಿಂತರೆ ಉಳಿಯುವುದೇನು?

ಆದುದರಿಂದ ಈ ಕಲೆಯ ಮುಂದಿನ ಮಾತು ಎಳೆಯರ ಕೈಯಲ್ಲಿದೆ. ಎಲ್ಲರೂ ಕಲಾವಿದರಾಗಬೇಕೆಂದಿಲ್ಲ. ಮಧುರವಾದ ಕಂಠ ಎಲ್ಲರಿಗೂ ದೊರೆಯುವಂಥದೂ ಅಲ್ಲ. ತಾಳ ಹಿಡಿಯುವುದನ್ನು ಒಬ್ಬರು ಕಲಿಯಬಹುದು, ಪಲ್ಲವಿಗೆ ದನಿಗೂಡಿಸುವುದನ್ನು ಇನ್ನೊಬ್ಬರು ಕಲಿಯಬಹುದು. ಊರಿನ ಹಿರಿಯರ ನೆನಪಿನಲ್ಲಿರುವ ಹಾಡನ್ನು ಬರೆದಿಟ್ಟುಕೊಂಡು, ಅವರೆದುರಿಗೇ ಹಾಡಿ, ತಪ್ಪನ್ನು ತಿದ್ದಿಸಿಕೊಳ್ಳುವ ಮಗುವೂ ಮೇಳಕ್ಕೆ ಸೇರಿದ ಹಾಗೆಯೇ. ಏನೂ ಆಗದಿದ್ದರೆ, ಅಟ್ಟದ ಮುಂದೆ ಕುಳಿತು ಹಾಡು ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು ಎಂಬುದನ್ನು ಅರಿತು ಕೇಳುವ ಪ್ರೇಕ್ಷಕರಾದರೂ ಆಗಬಹುದು. ಅರಿತು ಕೇಳುವವರಿಲ್ಲದೆ ಯಾವ ಆಟವೂ ಬದುಕಲಾರದು.

ಪಾರಿಜಾತದ ಕಥೆಯ ಕೊನೆಯಲ್ಲಿ ಕೃಷ್ಣನು ದೇವಲೋಕದ ಆ ಮರವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಡುತ್ತಾನೆ. ಭಾಮೆಗೆ ಹಿಡಿಸಲಾರದ ಹಿಗ್ಗು. ಆದರೆ ಮರ ಬೆಳೆದು ಹೂ ಬಿಟ್ಟಾಗ, ಹೂಗಳೆಲ್ಲ ಗೋಡೆಯಾಚೆ ರುಕ್ಮಿಣಿಯ ಅಂಗಳದಲ್ಲಿ ಉದುರಿದವೆಂದು ಜನ ಹೇಳುತ್ತಾರೆ. ನೀರೆರೆದವರು ಯಾರೋ, ಹೂವನ್ನು ಆಯ್ದುಕೊಂಡವರು ಯಾರೋ. ಕರ್ಕಿಯವರ ಆಟ ಸಾಂಗಲಿಯಲ್ಲಿ ಹೂ ಬಿಟ್ಟದ್ದೂ, ಅಪರಾಳದ ಹಾಡು ಕುಲಗೋಡಿನಲ್ಲಿ ಹೂ ಬಿಟ್ಟದ್ದೂ ಹೀಗೆಯೇ ಅಲ್ಲವೆ?

ಪಾರಿಜಾತದ ಹೂವು ಅರಳುವುದು ರಾತ್ರಿಯಲ್ಲಿ. ಬೆಳಗಾಗುವ ಹೊತ್ತಿಗೆ ಅದು ನೆಲಕ್ಕೆ ಉದುರಿರುತ್ತದೆ. ಘಟಪ್ರಭೆಯ ದಂಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆದ ಆಟವೂ ಹಾಗೆಯೇ. ಮೂಡಲು ಕೆಂಪೇರುವಾಗ ಮಂಗಳ ಹಾಡಿ ಮೇಳದವರು ಬಣ್ಣ ಒರೆಸಿಕೊಳ್ಳುತ್ತಾರೆ. ಪೇಟಿಯ ಬಾಯಿ ಮುಚ್ಚುತ್ತದೆ, ಚಕ್ಕಡಿಗಳ ಎತ್ತುಗಳು ಕೊರಳ ಗಂಟೆಯನ್ನು ಆಡಿಸುತ್ತವೆ. ನಿದ್ದೆಗಣ್ಣಿನ ಒಬ್ಬ ಹುಡುಗ ಕಂಬಳಿಯ ಒಳಗಿನಿಂದಲೇ ರಾತ್ರಿ ಕೇಳಿದ ಹಾಡನ್ನು ಗುನುಗುತ್ತ ಊರ ಹಾದಿ ಹಿಡಿಯುತ್ತಾನೆ. ಉದುರಿದ ಹೂವನ್ನು ಆಯ್ದುಕೊಂಡವನು ಅವನೇ.